ಸಾಕುನಾಯಿಗೆ ಎಂಥ ಶಿಕ್ಷಣ?

ನಮ್ಮ ಜತ್ತ ತಾಲೂಕಿನಲ್ಲಿ ದ್ರಾಕ್ಷಿ, ದಾಳಿಂಬೆಯ ತೋಟಗಳು ಹೆಚ್ಚಿದಂತೆ ತೋಟದ ವಸ್ತಿಗಳೂ ಹೆಚ್ಚಿವೆ. ವಸ್ತಿ ಎಂದ ಮೇಲೆ ನಾಯಿ ಬೇಕೇ ಬೇಕು. ಹಿಂದೆ ಊರನಾಯಿಯ ಮರಿಯೊಂದನ್ನು ತಂದು ರೊಟ್ಟಿ ಹಾಕಿದರೆ ತೀರುತ್ತಿತ್ತು. ಈಗ ಹಣ ಕೊಟ್ಟು ಜಾತಿನಾಯಿ ತರುತ್ತಾರೆ. ತಂದ ಮೇಲೆ, “ಮಾಸ್ತರ್ರ, ಇದನ್ನ ಯಾರ ಕಡೆ ತಾಲೀಮಿಗೆ ಬಿಡೂಣ್ರಿ?” ಎಂದು ಕೇಳುತ್ತಾರೆ. ಮಕ್ಕಳಿಗೆ ಕಲಿಸುವವನು ನಾಯಿಗೂ ಕಲಿಸಬಲ್ಲನೆಂಬ ಅವರ ನಂಬಿಗೆ ದೊಡ್ಡದು. ಆ ನಂಬಿಗೆಗೆ ನಾನು ಅರ್ಹನಲ್ಲವೆಂಬದನ್ನು ಮೊದಲು ಒಪ್ಪಿಕೊಂಡು ನಡೆದದ್ದನ್ನು ಹೇಳುತ್ತೇನೆ.

ಮುಧೋಳ ನಾಯಿ ನಮ್ಮ ನೆರೆಯದೇ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂದಿತು. 2016ರಲ್ಲಿ ಸೈನ್ಯದವರು ತಾಲೀಮಿಗಾಗಿ ಮರಿಗಳನ್ನು ಮೀರತಕ್ಕೆ ಒಯ್ದರು. ನನಗೂ ಆಶೆಯಾಗಿ ಒಂದು ಗಂಡುಮರಿ ತಂದೆ. ರಾಜಾ ಎಂದು ಹೆಸರಿಟ್ಟೆವು. ಏಳು ತಿಂಗಳಾಗುವಷ್ಟರಲ್ಲಿ ಅದು ನೆರೆಯವರ ಆಡುಗಳ ಬೆನ್ನು ಹತ್ತತೊಡಗಿತು; ಹೊಸಬರನ್ನು ಕಂಡರೆ ಗುರುಗುಟ್ಟುತ್ತಿತ್ತು. ಶಾಲೆ, ಹೊಲ ಎರಡರ ನಡುವೆ ನನಗೆ ಪುರಸೊತ್ತಿಲ್ಲವೆಂದು ಶಹರದ ತಾಲೀಮುದಾರನೊಬ್ಬನಲ್ಲಿ ಹದಿನೈದು ಸಾವಿರ ರೂಪಾಯಿ ತುಂಬಿ ನಾಯಿಯನ್ನು ಬಿಟ್ಟುಬಂದೆ. ಒಂದೂವರೆ ತಿಂಗಳ ಮೇಲೆ ಅದು ತಿರುಗಿ ಬಂದಾಗ ‘ಸಿಟ್’ ಎಂದರೆ ಕೂಡುತ್ತಿತ್ತು, ಗುರುಗುಟ್ಟುವದನ್ನು ಪೂರ್ಣ ಬಿಟ್ಟಿತ್ತು. ಯಾರಾದರೂ ಕೈ ಎತ್ತಿದರೆ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗುತ್ತಿತ್ತು. ಅದನ್ನು ನಾನು ವಿಧೇಯತೆ ಎಂದು ತಿಳಿದೆ. ನಾಲ್ಕು ಜನರ ಮುಂದೆ ಹೊಗಳಿಯೂ ಹೊಗಳಿದೆ.

ಹದಿನೈದು ದಿನಗಳೊಳಗೆ ನೆರೆಯ ವಸ್ತಿಯ ಹುಡುಗ, ನಮ್ಮ ಶಾಲೆಯ ಮೂರನೆಯ ಇಯತ್ತೆಯವನು, ಅದರ ತಲೆ ಸವರಲು ಮೇಲಿನಿಂದ ಕೈ ಚಾಚಿದ. ಗುರ್ ಎನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ಒಮ್ಮೆಗೇ ಮುಂಗೈ ಕಚ್ಚಿತು. ನಳದ ಕೆಳಗೆ ಹದಿನೈದು ಮಿನಿಟು ಸಾಬೂನು ಹಚ್ಚಿ ತೊಳೆದೆವು. ನಾಯಿಗೆ ಲಸಿಕೆ ಹಾಕಿಸಿದ್ದರೂ ಹುಡುಗನಿಗೆ ಸರಕಾರಿ ದವಾಖಾನೆಯಲ್ಲಿ ಹುಚ್ಚುನಾಯಿ ರೋಗದ ಎಲ್ಲ ಚುಚ್ಚುಮದ್ದುಗಳನ್ನೂ ಕೊಡಿಸಿದೆವು. ಗಾಯ ಮಾಯಿತು. ಅವನ ತಾಯಿ ಮಾತ್ರ, “ಕಲ್ತ ಬಂದೈತಿ ಅಂದಿದ್ರಿ ಮಾಸ್ತರ್ರ, ಇದನ್ನ ಕಲ್ತ ಬಂತೇನ್ರಿ?” ಎಂದದ್ದು ಇನ್ನೂ ಕಿವಿಯಲ್ಲಿದೆ.

ಅದು ಕಲಿತದ್ದು ನಿಜವಾಗಿ ಅದನ್ನೇ. ಎಳೆದರೆ ಕೊರಳು ಬಿಗಿಯುವ ಸರಪಳಿ, ಕೈಯಲ್ಲಿ ಬಡಿಗೆ, ಗುರುಗುಟ್ಟಿದಾಗಲೆಲ್ಲ ಏಟು. ಇದೇ ಆತನ ಪದ್ಧತಿಯೆಂದು ಆಮೇಲೆ ತಿಳಿಯಿತು. ಗುರುಗುಟ್ಟುವದು ನಾಯಿಯ ಮಾತು: ‘ನನಗೆ ಅಂಜಿಕೆಯಾಗಿದೆ, ದೂರ ಸರಿ’ ಎಂಬ ಸೂಚನೆ. ಹೊಡೆದು ಸೂಚನೆಯನ್ನು ನಿಲ್ಲಿಸಬಹುದು. ಅಂಜಿಕೆ ಒಳಗೇ ಉಳಿದು ಬೆಳೆಯುವದು. ಎಚ್ಚರಿಕೆ ಕೊಡುತ್ತಿದ್ದ ನಾಯಿಯನ್ನು ಎಚ್ಚರಿಕೆ ಕೊಡದೆ ಕಚ್ಚುವ ನಾಯಿಯನ್ನಾಗಿ ಮಾಡಲು ನಾನು ಹದಿನೈದು ಸಾವಿರ ಕೊಟ್ಟಿದ್ದೆ.

ನಾಚಿಕೆಯ ಸಂಗತಿಯೆಂದರೆ ಇದೆಲ್ಲ ನನಗೆ ಗೊತ್ತಿರಬೇಕಾಗಿತ್ತು. ಶಿಕ್ಷಕ ತರಬೇತಿಯಲ್ಲಿ ಪಾವ್ಲೋವನ ನಾಯಿಯ ಮೇಲೆ ಪುಟಗಟ್ಟಲೆ ಉತ್ತರ ಬರೆದವನು ನಾನು. ಅನ್ನದ ಮುನ್ನ ಕೇಳುವ ಸಪ್ಪಳಕ್ಕೇ ನಾಯಿಯ ಬಾಯಲ್ಲಿ ಜೊಲ್ಲು ಬರುವಂತೆ, ಏಟಿನ ಮುನ್ನ ಕಾಣುವ ಕೈಗೇ ಅಂಜಿಕೆ ಹುಟ್ಟುವದು. ಥಾರ್ನ್‌ಡೈಕನು 1898ರಲ್ಲಿ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ತೃಪ್ತಿ ಕೊಟ್ಟ ಕೆಲಸವನ್ನೇ ಪ್ರಾಣಿಯು ಮತ್ತೆ ಮಾಡುವದೆಂದು ತೋರಿಸಿದ. ಸ್ಕಿನ್ನರನು 1951ರಲ್ಲಿ ಅಮೇರಿಕದ ವಿಜ್ಞಾನ ಪತ್ರಿಕೆಯೊಂದರಲ್ಲಿ, ಟಿಕ್ ಎನ್ನುವ ಸಣ್ಣ ಆಟಿಕೆ ಮತ್ತು ತಿನಿಸಿನ ತುಣುಕುಗಳಿಂದ ಮನೆಯ ನಾಯಿಗೆ ಕಲಿಸುವ ಬಗೆಯನ್ನು ಸಾಮಾನ್ಯರಿಗಾಗಿಯೇ ಬರೆದ. ಶಾಲೆಯಿಂದ ಛಡಿಯನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೊರಹಾಕಿತು. ನಾನು ಅದನ್ನು ನಾಯಿಗಾಗಿ ಬಾಡಿಗೆಗೆ ತಂದೆ.

‘ನಾಯಿ ತೋಳನ ಕುಲದ್ದು, ಮಾಲಕನು ಹಿಂಡಿನ ನಾಯಕನಂತೆ ಅದನ್ನು ಅದುಮಿ ಇಡಬೇಕು’ ಎಂದು ಹೇಳುವವರು ಬಹಳ. ಈ ಮಾತಿನ ಬೇರು 1947ರಲ್ಲಿ ಶೆಂಕೆಲ್ ಎಂಬವರು ಕೂಡಿಹಾಕಿದ ತೋಳಗಳನ್ನು ನೋಡಿ ಬರೆದದ್ದರಲ್ಲಿದೆ. ಅದನ್ನು ತಮ್ಮ 1970ರ ಪುಸ್ತಕದಿಂದ ಪ್ರಚಾರ ಮಾಡಿದ ಮೆಕ್ ಎಂಬ ವಿಜ್ಞಾನಿಯೇ 1999ರಲ್ಲಿ ತಿದ್ದಿಕೊಂಡು, ಕಾಡಿನ ತೋಳದ ಹಿಂಡೆಂದರೆ ತಂದೆತಾಯಿ ಮತ್ತು ಮರಿಗಳ ಸಂಸಾರವೆಂದು ಬರೆದರು. ತಿದ್ದುಪಡಿ ನಮ್ಮ ತಾಲೀಮುದಾರರಿಗೆ ಇನ್ನೂ ಮುಟ್ಟಿಲ್ಲ.

ಹಾಗಾದರೆ ಆರಿಸುವದು ಹೇಗೆ? ನಾಯಿಯಿಂದ ನಮಗೆ ಏನು ಕೆಲಸ ಬೇಕು ಎಂಬದನ್ನು ಮೊದಲು ಗೊತ್ತುಮಾಡಬೇಕು. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಓಡುವದನ್ನು ಕಂಡರೆ ಬೆನ್ನಟ್ಟುವದು ಅದರ ರಕ್ತದಲ್ಲಿದೆ. ಆಡಿನ ಬೆನ್ನು ಹತ್ತಿದ್ದು ಅದರ ತಪ್ಪಲ್ಲ, ಹಗ್ಗವಿಲ್ಲದೆ ಬಿಟ್ಟ ನನ್ನ ತಪ್ಪು. ಮೊಲ ಹಿಡಿಸಲೆಂದು ಕಲಿಸುವವರು 1972ರ ವನ್ಯಜೀವಿ ಕಾಯಿದೆಯನ್ನು ನೆನೆಯಲಿ. ನಮ್ಮ ಕುರುಬರನ್ನು ನೋಡಿರಿ. ಅವರು ನಾಯಿಗೆ ಪಾಠ ಹೇಳುವದಿಲ್ಲ. ಮರಿಯಿದ್ದಾಗಿನಿಂದ ಕುರಿಮರಿಗಳ ನಡುವೆ ಬೆಳೆಸುತ್ತಾರೆ, ಅದು ಕುರಿಗಳನ್ನು ತನ್ನವೆಂದೇ ತಿಳಿಯುತ್ತದೆ. ನಾಯಿಮರಿಯ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲ ಇಂಥ ಪರಿಚಯಕ್ಕೆ ಮುಖ್ಯವೆಂದು ಸ್ಕಾಟ್ ಮತ್ತು ಫುಲ್ಲರ್ ಎಂಬವರು 1965ರಲ್ಲಿ ಬರೆದದ್ದನ್ನು ಕುರುಬರು ಓದದೆಯೇ ಬಲ್ಲರು. ಮಕ್ಕಳು, ದನ, ಟ್ರ್ಯಾಕ್ಟರು, ಟೊಪ್ಪಿಗೆಯ ಮುದುಕರು, ಎಲ್ಲವನ್ನೂ ಆ ವಯಸ್ಸಿನಲ್ಲಿಯೇ ಅಂಜಿಕೆಯಿಲ್ಲದೆ ತೋರಿಸಿದರೆ ಅರ್ಧ ಶಿಕ್ಷಣ ಮುಗಿದಂತೆ.

ನಾಯಿಯನ್ನು ಬಿಟ್ಟುಬರುವ ವಸತಿ ತಾಲೀಮು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಕಲಿತದ್ದು ಕಲಿಸಿದವನ ಕೈಗಷ್ಟೇ ಸಲ್ಲುವದು. ಮಾಲಕನೇ ಹಗ್ಗ ಹಿಡಿದು ಕಲಿಯುವ ವರ್ಗವಿದ್ದರೆ ಹೋಗಬಹುದು. ಹೋಗುವ ಮುನ್ನ ಎರಡು ಪ್ರಶ್ನೆ ಕೇಳಿರಿ: ನಾನು ನಿಂತು ನೋಡಬಹುದೇ? ನಾಯಿ ತಪ್ಪಿದಾಗ ಏನು ಮಾಡುತ್ತೀರಿ? ಮೊದಲನೆಯದಕ್ಕೆ ಒಲ್ಲೆನೆಂದರೆ ನಾಯಿಯನ್ನು ಕರೆದುಕೊಂಡು ಮನೆಗೆ ಬನ್ನಿರಿ. ವಿದ್ಯುತ್ತಿನ ಪಟ್ಟಿಯ ಮಾತು ತೆಗೆದರೂ ಅಷ್ಟೇ. ಮೈಮೇಲೆ ಬೀಳಲು ಕಲಿಸುವೆನೆಂಬವನಂತೂ ನಮಗೆ ಬೇಡವೇ ಬೇಡ. ವಸ್ತಿಯ ನಾಯಿ ಬೊಗಳಿ ಎಬ್ಬಿಸಿದರೆ ಸಾಕು. ನಿಷ್ಕಾಳಜಿಯಿಂದ ಬಿಟ್ಟ ಪ್ರಾಣಿಯಿಂದ ಅಪಾಯವಾಗುವಂತಿದ್ದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾಲಕನಿಗೆ ಆರು ತಿಂಗಳವರೆಗೆ ಸೆರೆಯುಂಟು.

ನಾವು ಮನೆಯಲ್ಲಿಯೇ ಮತ್ತೆ ಮೊದಲಿನಿಂದ ಆರಂಭಿಸಿದೆವು. ದಿನಕ್ಕೆ ಮೂರು ಸಲ, ಸಲಕ್ಕೆ ಐದು ಮಿನಿಟು, ಇಪ್ಪತ್ತೈದು ಅಡಿ ಹಗ್ಗ. ಮೊದಲನೆಯ ತೊಡಕು ಭಾಷೆಯದು, ಗಡಿಯವರಿಗೆ ಇದು ಹೊಸದಲ್ಲ! ತಾಲೀಮುದಾರನದು ಇಂಗ್ಲಿಷು, ನನ್ನ ತಾಯಿ ‘ಬಾರೋ’ ಎನ್ನುವಳು, ಮಗ ‘ಕಮ್’ ಎನ್ನುವನು, ಕೆಲಸದವರು ಮರಾಠಿಯಲ್ಲಿ ‘ಯೇ’ ಎನ್ನುವರು. ನಾಯಿ ಯಾರ ಮಾತು ಕೇಳಬೇಕು? ಕಡೆಗೆ ಎಲ್ಲರೂ ‘ಬಾ’ ಎಂದು ಒಪ್ಪಿದೆವು. ಬಂದೊಡನೆ ರೊಟ್ಟಿಯ ಚೂರು, ಇಲ್ಲವೆ ಬೇಯಿಸಿದ ತತ್ತಿಯ ತುಣುಕು. ಕರೆದು ಬಯ್ಯಕೂಡದು, ಕರೆದದ್ದು ಬಯ್ಯಲಿಕ್ಕೆ ಎಂದು ಗೊತ್ತಾದರೆ ಮತ್ತೆ ಬಾರದು. ನಮ್ಮ ಭಾಗದವರು ಒಂದು ಮಾತು ಲಕ್ಷ್ಯದಲ್ಲಿಡಬೇಕು: ಬಹುಮಾನವೆಂದು ದ್ರಾಕ್ಷಿಯನ್ನಾಗಲಿ ಬೇದಾಣೆಯನ್ನಾಗಲಿ ಹಾಕಬೇಡಿರಿ, ಅವುಗಳಿಂದ ನಾಯಿಯ ಮೂತ್ರಪಿಂಡ ಕೆಟ್ಟು ಪ್ರಾಣ ಹೋಗಬಹುದು.

‘ರೊಟ್ಟಿಯ ಲಂಚಕ್ಕೆ ಕಲಿತ ನಾಯಿ ಕಳ್ಳನ ರೊಟ್ಟಿಗೂ ಒಲಿದೀತು’ ಎಂದು ಹಿರಿಯರೊಬ್ಬರು ನಕ್ಕರು. ಮಾಡಿದ ಕೆಲಸಕ್ಕೆ ಕೊಡುವದು ಲಂಚವಲ್ಲ, ಕೂಲಿ. ಕಲಿತ ಮೇಲೆ ಪ್ರತಿ ಸಲ ಕೊಡಬೇಕಾಗಿಯೂ ಇಲ್ಲ. ಹೊಡೆತ ತಿಂದ ನಾಯಿಯೂ ಕಳ್ಳನ ರೊಟ್ಟಿಯನ್ನು ತಿನ್ನುವದೇ ಅಲ್ಲವೇ?

ಎಂಟು ತಿಂಗಳು ಹಿಡಿಯಿತು. ಈಗ ರಾಜಾ ಕರೆದರೆ ಬರುತ್ತದೆ. ಆಡುಗಳು ಹತ್ತಿರವಿದ್ದಾಗ ಮಾತ್ರ ಹಗ್ಗ ಬಿಡುವದಿಲ್ಲ. ಹೋದ ತಿಂಗಳು ಅಪರಿಚಿತನೊಬ್ಬನನ್ನು ಕಂಡು ಗುರುಗುಟ್ಟಿತು. ನಾನು ಬಯ್ಯಲಿಲ್ಲ, ಆತನನ್ನು ದೂರ ನಿಲ್ಲಿಸಿದೆ. ಆ ಹುಡುಗ ಈಗ ನಮ್ಮ ಬದುವಿನ ಮೇಲೆ ಬಂದು ನಿಂತು, ತನ್ನ ಡಬ್ಬಿಯ ರೊಟ್ಟಿಯಲ್ಲಿ ಒಂದು ಚೂರನ್ನು ದೂರದಿಂದಲೇ ಒಗೆಯುತ್ತಾನೆ. ಮುಟ್ಟೆಂದು ನಾನು ಹೇಳಿಲ್ಲ.