ಹತ್ತಿಯ ಎಳೆಯೂ ಜೀವಕೋಶವೂ

ಈ ತಿಂಗಳಿನ ಮಾತನ್ನು ನಾವು ಒಂದು ಹಳೆಯ ಋಣದಿಂದ ಆರಂಭಿಸುವೆವು.

ನಾವು ಅಭ್ಯಾಸದಿಂದ ಸಂಸ್ಕೃತದವರು. ಆದರೂ ಶಿಕ್ಷಕರ ಅಭಾವದಿಂದ ಒಂದು ವರ್ಷ ಎಂಟನೆಯ ಇಯತ್ತೆಗೆ ವಿಜ್ಞಾನವನ್ನೂ ಹೇಳಿಕೊಡಬೇಕಾಯಿತು. ಪರೀಕ್ಷೆಯಲ್ಲಿ, ಬರಿಗಣ್ಣಿಗೆ ಕಾಣುವ ಒಂದು ಜೀವಕೋಶವನ್ನು ಹೆಸರಿಸಿರೆಂದು ಕೇಳಿದ್ದೆವು. ಎಲ್ಲರೂ ಪುಸ್ತಕದಲ್ಲಿದ್ದಂತೆ ಉಷ್ಟ್ರಪಕ್ಷಿಯ ತತ್ತಿಯೆಂದು ಬರೆದರು. ಗರಗದಿಂದ ಬರುತ್ತಿದ್ದ ಒಬ್ಬ ಬಾಲಿಕೆ ಮಾತ್ರ ‘ಹತ್ತಿಯ ಎಳೆ’ ಎಂದು ಬರೆದಳು. ಅವಳ ತಾಯಿ ಖಾದಿಯ ನೂಲು ತೆಗೆಯುವವಳು. ನಾವು ಕೆಂಪು ಗೆರೆಯೆಳೆದು ಒಂದು ಅಂಕವನ್ನು ಕಳೆದೆವು.

“ನಮ್ಮಣ್ಣ ಹೇಳ್ಯಾನ್ರೀ ಸರ್. ಅಂವ ಧಾರವಾಡದಾಗ ಕೃಷಿ ಕಾಲೇಜಿಗೆ ಹೋಗ್ತಾನ್ರೀ,” ಎಂದಳು.

“ಪುಸ್ತಕದಾಗ ಇದ್ದದ್ದನ್ನ ಬರೀಬೇಕವಾ,” ಎಂದು ನಾವು ಅವಳ ಬಾಯಿ ಕಟ್ಟಿದೆವು.

ಅವಳು ಬರೆದದ್ದೇ ನಿಜವಾಗಿತ್ತು. ಅದು ಹೇಗೆಂಬುದನ್ನು ಮನೆಯ ಮಕ್ಕಳಿಗೂ ತಿಳಿಯುವಂತೆ ವಿಚಾರಿಸೋಣ.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್‌ನು ಸೀಸೆಯ ಬೂಚಿನ ತೆಳುವಾದ ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಸಂಗತಿಯನ್ನು ಪ್ರಕಟಿಸಿದನು. ಜೇನುಹುಟ್ಟಿನಂತೆ ಚಿಕ್ಕ ಚಿಕ್ಕ ಕೋಣೆಗಳು ಅವನಿಗೆ ಕಂಡವು. ಕೋಣೆ ಎಂಬರ್ಥದ ಹೆಸರನ್ನೇ ಅವಕ್ಕೆ ಇಟ್ಟನು. ನಮ್ಮವರು ಅದಕ್ಕೆ ಕೋಶವೆಂಬ ಶಬ್ದವನ್ನು ಆರಿಸಿಕೊಂಡರು. ಸಂಸ್ಕೃತದಲ್ಲಿ ಕೋಶವೆಂದರೆ ಒರೆ, ಭಂಡಾರ, ರೇಷ್ಮೆಹುಳದ ಗೂಡು. ಆದರೆ ಹುಕ್‌ನು ಕಂಡದ್ದು ಬರಿದಾದ ಭಂಡಾರವನ್ನು. ಬೂಚು ಸತ್ತ ತೊಗಟೆಯಾದದ್ದರಿಂದ ಗೋಡೆಗಳು ಮಾತ್ರ ಉಳಿದಿದ್ದವು. ಒಳಗಿನ ಜೀವರಸ ಇರಲಿಲ್ಲ.

ಬದುಕಿರುವ ಕೋಶಕ್ಕೆ ತೆಳುವಾದ ಪೊರೆಯಿರುವದು, ಅದರೊಳಗೆ ಜೀವರಸವಿರುವದು, ಸಾಮಾನ್ಯವಾಗಿ ಅದರ ವ್ಯವಹಾರವನ್ನು ನಡೆಸುವ ಕೋಶಕೇಂದ್ರವೂ ಇರುವದು. ಗಿಡಗಳ ಕೋಶಕ್ಕೆ ಪೊರೆಯ ಹೊರಗೆ ಗೋಡೆಯೊಂದು ಹೆಚ್ಚು. ಅದು ಆಹಾರವನ್ನು ಪಡೆಯುವದು, ಅದರಿಂದ ಶಕ್ತಿಯನ್ನು ತೆಗೆಯುವದು, ಬೇಡದ್ದನ್ನು ಹೊರಹಾಕುವದು, ಬೆಳೆಯುವದು, ಸುತ್ತಲಿನ ಬದಲಿಗೆ ಸ್ಪಂದಿಸುವದು. ಅನೇಕ ಕೋಶಗಳು ಒಡೆದು ಎರಡಾಗುವವು. ಕೋಶವು ಕೋಶದಿಂದಲೇ ಹುಟ್ಟುವದೆಂಬ ತತ್ತ್ವವನ್ನು ಜರ್ಮನಿಯ ವಿರ್ಖೋವನು 1855ರಲ್ಲಿ ಸಾರಿದನು.

ಇನ್ನು ಗರಗದ ಸುತ್ತಲಿನ ಎರೆಹೊಲಕ್ಕೆ ಬರೋಣ. ಹತ್ತಿಯ ಹೂ ಅರಳುವ ಹೊತ್ತಿಗೆ, ಎಳೆಯ ಬೀಜದ ಹೊರಸಿಪ್ಪೆಯ ಕೆಲವು ಕೋಶಗಳು ಉಬ್ಬಿ ಹೊರಚಾಚುವವು. ಒಂದೊಂದು ಕೋಶವೂ ಒಂದೊಂದು ಎಳೆ. ಒಳಗೆ ನೀರು ತುಂಬಿ ಒತ್ತುವದು. ಗೋಡೆ ಇನ್ನೂ ಮೆತ್ತಗಿರುವದರಿಂದ ಹಿಗ್ಗುವದು. ಹೀಗೆ ಎರಡು ಮೂರು ವಾರ ಅದು ಉದ್ದವಾಗುತ್ತಲೇ ಇರುವದು. ಗಿಡವು ಕಳಿಸಿದ ಸಕ್ಕರೆಯೇ ಅದರ ಆಹಾರ. ಅನಂತರ ಅದೇ ಸಕ್ಕರೆಯಿಂದ ಸೆಲ್ಯುಲೋಸ್ ಎಂಬ ವಸ್ತುವನ್ನು ಮಾಡಿ, ಗೋಡೆಯ ಒಳಮೈಗೆ ಪದರು ಪದರಾಗಿ ಹಚ್ಚಿಕೊಳ್ಳುವದು. ಬಲಿತ ಎಳೆಯ ಉದ್ದವು ಸಾಮಾನ್ಯವಾಗಿ ಒಂದು ಅಂಗುಲದ ಆಸುಪಾಸು; ದಪ್ಪವಾದರೋ ಒಂದು ಮಿಲಿಮೀಟರಿನ 50ನೆಯ ಒಂದು ಭಾಗದಷ್ಟೇ.

ಈ ಎಳೆಯು ತಾನು ಒಡೆದು ಎರಡಾಗುವದಿಲ್ಲ. ಹಾಗಾದರೆ ಅದು ಜೀವಕೋಶವಲ್ಲವೇ ಎಂದು ಜಾಣಮಕ್ಕಳು ಕೇಳಬಹುದು. ನಮ್ಮ ನರಕೋಶಗಳೂ ಸಾಮಾನ್ಯವಾಗಿ ಹಾಗೆ ಒಡೆಯುವದಿಲ್ಲ. ಆದರೂ ಅವು ಬದುಕಿರುವವು. ಪ್ರತಿಯೊಂದು ಕೋಶವೂ ಎಲ್ಲ ಕೆಲಸವನ್ನು ಮಾಡಬೇಕೆಂಬ ನಿಯಮವಿಲ್ಲ; ಮನೆಯಲ್ಲಿ ಕೆಲಸ ಹಂಚಿಕೊಂಡಂತೆಯೇ ಇದು.

ಕಾಯಿ ಬಲಿತು ಒಡೆಯುವ ವೇಳೆಗೆ ಎಳೆಯ ಜೀವರಸ ಒಣಗಿಹೋಗುವದು. ಕೊಳವೆಯಂತಿದ್ದ ಗೋಡೆ ಚಪ್ಪಟೆಯಾಗಿ ತಿರುಚಿಕೊಳ್ಳುವದು. ಆ ತಿರುಚಿನಿಂದ ಎಳೆಯು ಎಳೆಯನ್ನು ಚೆನ್ನಾಗಿ ಹಿಡಿಯುವದು; ಆದ್ದರಿಂದಲೇ ಅರಳೆ ನೂಲಾಗುವದು. ಅದರ ಬುಡದ ಹತ್ತಿಕಾಳು ಮಾತ್ರ ಅಲುಗದೆ ಬಿದ್ದಿದ್ದರೂ ಬದುಕಿರುವದು. ಬಿತ್ತಿದರೆ ಅದರ ಕೋಶಗಳು ಮತ್ತೆ ಬೆಳೆಯತೊಡಗುವವು. ಅಲುಗುವದೇ ಜೀವದ ಗುರುತೆಂದು ಮಕ್ಕಳು ತಿಳಿಯಬಾರದು.

ಗರಗದಲ್ಲಿ 1954ರಲ್ಲಿ ಸ್ಥಾಪಿತವಾದ ಕ್ಷೇತ್ರೀಯ ಸೇವಾ ಸಂಘವು ರಾಷ್ಟ್ರಧ್ವಜದ ಖಾದಿಯಿಂದ ಹೆಸರಾಗಿದೆ. ಆ ಧ್ವಜದ ಬಟ್ಟೆಯು ಒಂದು ಕಾಲಕ್ಕೆ ಬದುಕಿದ್ದ ಅಸಂಖ್ಯ ಕೋಶಗಳ ಗೋಡೆಗಳಿಂದಾದದ್ದು. ನೂಲುವವಳ ಮಗಳು ದಿನವೂ ಕಾಣುತ್ತಿದ್ದುದನ್ನೇ ಬರೆದಿದ್ದಳು. ನಮ್ಮ ಕಣ್ಣು ಪುಸ್ತಕದಾಚೆ ಹೋಗಲಿಲ್ಲ.

ಮರುವರ್ಷ ಬಂದ ವಿಜ್ಞಾನದ ಶಿಕ್ಷಕರು ಸೂಕ್ಷ್ಮದರ್ಶಕದಲ್ಲಿ ಒಂದು ಎಳೆಯನ್ನಿಟ್ಟು ನಮಗೆ ಇದನ್ನೆಲ್ಲ ತಿಳಿಸಿದರು. ಅಷ್ಟರಲ್ಲಿ ಆ ಬಾಲಿಕೆ ಬೇರೆ ಶಾಲೆಗೆ ಹೋಗಿದ್ದಳು. ತಾಯಂದಿರೇ, ಇಂದು ದೀಪದ ಬತ್ತಿಗಾಗಿ ಇಟ್ಟ ಅರಳೆಯಿಂದ ಒಂದೇ ಎಳೆಯನ್ನು ಬಿಡಿಸಿ ಮಕ್ಕಳ ಅಂಗೈಯಲ್ಲಿಡಿರಿ. ಪುಸ್ತಕದಲ್ಲಿಲ್ಲದ ಮಾತನ್ನು ಮಗು ಆಡಿದರೆ, ಎಲ್ಲಿಂದ ತಿಳಿಯಿತೆಂದು ಮೊದಲು ಕೇಳಿರಿ. ಆ ಬಾಲಿಕೆ ಈಗ ಎಲ್ಲಿರುವಳೋ. ಈ ಪುಟ ಅವಳ ಕಣ್ಣಿಗೆ ಬಿದ್ದರೆ, ಆ ಒಂದು ಅಂಕ ಅವಳದೇ ಎಂದು ತಿಳಿಯಲಿ.