ಮಗು ಊಟ ಬಿಟ್ಟರೆ ತಾಯಿಯನ್ನು ದೂರುವುದೇಕೆ?

ಒಂದೂವರೆ ವರ್ಷದವರೆಗೆ ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದ ಮಗು ಒಂದು ದಿನ ಇದ್ದಕ್ಕಿದ್ದಂತೆ ಬಾಯಿ ಬಿಗಿಹಿಡಿಯುತ್ತದೆ. ನಿನ್ನೆಯವರೆಗೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಚಪ್ಪರಿಸಿ ತಿಂದದ್ದು ಇಂದು ಅದನ್ನು ಕಂಡರೆ ಮುಖ ತಿರುಗಿಸುತ್ತದೆ. ತೊಗರಿಬೇಳೆಯ ಖಿಚಡಿಯಲ್ಲಿ ಒಂದು ಕೊತ್ತಂಬರಿ ಎಲೆ ಕಂಡರೂ ತಟ್ಟೆಯನ್ನೇ ದೂಡುತ್ತದೆ. ಆಗ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನಮ್ಮ ಮನೆಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಒಂದು, ಮಗುವಿಗೆ ನಜರ್ ತಾಗಿದೆ. ಇನ್ನೊಂದು, ತಾಯಿಗೆ ಉಣಿಸಲು ಬರುವುದಿಲ್ಲ. ಮೊದಲನೆಯದರ ಬಗ್ಗೆ ಮುಂದೆ ಹೇಳುತ್ತೇವೆ. ಎರಡನೆಯದು ನಮ್ಮ ದೃಷ್ಟಿಯಲ್ಲಿ ಹೆಚ್ಚು ಗಂಭೀರವಾದುದು. ಅದು ಒಬ್ಬ ಹೆಣ್ಣುಮಗಳ ಮೇಲೆ ಆಧಾರವಿಲ್ಲದೆ ಹೊರಿಸುವ ಆರೋಪ.

ಅಲ್ಲಾಹನು ಮಗುವಿನ ಬೆಳವಣಿಗೆಗೆ ಇಟ್ಟಿರುವ ಕ್ರಮವನ್ನು ಒಮ್ಮೆ ಗಮನಿಸಿ. ಹುಟ್ಟುವಾಗ ಮೂರು ಕಿಲೋ ಇದ್ದ ಮಗು ವರ್ಷ ತುಂಬುವಾಗ ಸುಮಾರು ಒಂಬತ್ತು ಕಿಲೋ ಆಗುತ್ತದೆ, ಅಂದರೆ ಮೂರು ಪಟ್ಟು. ಎರಡನೆಯ ವರ್ಷವಿಡೀ ಅದು ಏರಿಸಿಕೊಳ್ಳುವುದು ಎರಡು, ಎರಡೂವರೆ ಕಿಲೋ ಮಾತ್ರ. ಬೆಳೆಯುವ ವೇಗ ತಗ್ಗಿದಾಗ ಹಸಿವೂ ತಗ್ಗುವುದು ಸಹಜ. ಇದರ ಜೊತೆಗೆ, ಒಂದೂವರೆ ಎರಡು ವರ್ಷದ ಆಸುಪಾಸಿನಲ್ಲಿ ಮಕ್ಕಳಿಗೆ ಪರಿಚಯವಿಲ್ಲದ ಆಹಾರದ ಕುರಿತು ಒಂದು ಬಗೆಯ ಅಂಜಿಕೆ ಮೊಳೆಯುತ್ತದೆ. ಆಗತಾನೇ ನಡೆಯಲು ಕಲಿತ ಮಗು ಅಂಗಳದಲ್ಲಿ, ಹೊಲದಲ್ಲಿ ಸಿಕ್ಕಿದ ಎಲೆ, ಕಾಯಿಗಳನ್ನೆಲ್ಲ ಬಾಯಿಗಿಟ್ಟುಕೊಳ್ಳದಿರಲೆಂದು ಇರುವ ಕಾವಲು ಇದಾಗಿರಬಹುದೆಂದು ಮಕ್ಕಳ ಆಹಾರವನ್ನು ಅಧ್ಯಯನ ಮಾಡಿದವರು ವಿವರಿಸುತ್ತಾರೆ. ನಾವು ಇದನ್ನು ಸೃಷ್ಟಿಕರ್ತನ ಹಿಕ್ಮತ್ ಎನ್ನುತ್ತೇವೆ. ಅತ್ತೆಯೂ ನಾದಿನಿಯೂ ಸೇರಿ ಸೊಸೆಯ ಕೈಗುಣವನ್ನು ಶಂಕಿಸುವ ವಿಷಯ ಇದಲ್ಲ.

ಆದರೆ ನಡೆಯುತ್ತಿರುವುದೇನು? ಒಬ್ಬರು ಕೈ ಹಿಡಿಯುತ್ತಾರೆ, ಇನ್ನೊಬ್ಬರು ಮೂಗು ಒತ್ತುತ್ತಾರೆ, ಅಳಲು ತೆರೆದ ಬಾಯಿಗೆ ತುತ್ತು ತುರುಕಲಾಗುತ್ತದೆ. ಅಳುವ ಮಗುವಿನ ಗಂಟಲಲ್ಲಿ ತುತ್ತು ಸಿಕ್ಕಿ ಉಸಿರು ಕಟ್ಟುವ ಅಪಾಯವಿದೆಯೆಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕೆಲವು ಮನೆಗಳಲ್ಲಿ ಮೊಬೈಲ್ ಹಚ್ಚಿಕೊಟ್ಟು, ಮಗು ಪರದೆಯನ್ನೇ ನೋಡುತ್ತ ಬಾಯಿ ತೆರೆದಾಗ ತುತ್ತು ಇಡುತ್ತಾರೆ. ತಾನು ತಿಂದದ್ದು ಏನೆಂಬುದೂ, ಹೊಟ್ಟೆ ತುಂಬಿತೆಂಬುದೂ ಆ ಮಗುವಿಗೆ ತಿಳಿಯುವುದಿಲ್ಲ. ಇಷ್ಟಾದ ಮೇಲೆ, ಏನೂ ತಿನ್ನಲಿಲ್ಲವಲ್ಲ ಎಂಬ ಕನಿಕರದಿಂದ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಐದು ರೂಪಾಯಿಯ ಚಿಪ್ಸ್ ಪಾಕೀಟು, ಮೇಲೆ ಮತ್ತೊಂದು ಲೋಟ ಹಾಲು. ಮಗುವಿನ ಹೊಟ್ಟೆ ಅದರ ಮುಷ್ಟಿಗಿಂತ ಬಹಳ ದೊಡ್ಡದೇನಲ್ಲ. ಅದನ್ನು ಚಹಾ ಬಿಸ್ಕತ್ತಿನಿಂದ ತುಂಬಿಸಿ, ರಾತ್ರಿ ರೊಟ್ಟಿ ತಿನ್ನುವುದಿಲ್ಲವೆಂದು ಗೋಳಾಡುವುದು ಯಾವ ನ್ಯಾಯ? ಚಹಾ ಇನ್ನೂ ಒಂದು ಹಾನಿ ಮಾಡುತ್ತದೆ. ಆಹಾರದಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ಅದು ಬಿಡುವುದಿಲ್ಲ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುವ ಮಗುವಿಗೂ ರಕ್ತಹೀನತೆಯ ಭಯವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದ ಮಗುವಿಗೆ ಹಸಿವು ಇನ್ನಷ್ಟು ಕುಂದುತ್ತದೆ. ಹೀಗೆ ಒಂದರಿಂದ ಇನ್ನೊಂದು ಬೆಳೆಯುತ್ತ ಹೋಗುತ್ತದೆ.

ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲಿ ಈ ವಿಷಯಕ್ಕೆ ಬೆಳಕು ಚೆಲ್ಲುವ ಎರಡು ಪ್ರಸಂಗಗಳಿವೆ. ಒಮ್ಮೆ ಅವರ ಮುಂದೆ ಹುರಿದ ಉಡದ ಮಾಂಸವನ್ನು ಇಡಲಾಯಿತು. ಅವರು ಕೈ ಹಿಂತೆಗೆದರು. ಇದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ಅಲ್ಲ, ತಮ್ಮವರ ನಾಡಿನಲ್ಲಿ ಅದು ಇರಲಿಲ್ಲವಾದ್ದರಿಂದ ಮನಸ್ಸು ಒಪ್ಪುತ್ತಿಲ್ಲವೆಂದು ತಿಳಿಸಿದರು. ಖಾಲಿದ್(ರ) ಅದನ್ನು ತಮ್ಮತ್ತ ಎಳೆದುಕೊಂಡು ತಿಂದರು. ಪರಿಚಯವಿಲ್ಲದ ಆಹಾರಕ್ಕೆ ಮನಸ್ಸು ಒಗ್ಗದಿರುವುದು ದೋಷವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ? ಎರಡನೆಯದು, ಅವರ ಆಶ್ರಯದಲ್ಲಿ ಬೆಳೆಯುತ್ತಿದ್ದ ಬಾಲಕ ಉಮರ್ ಬಿನ್ ಅಬೀ ಸಲಮ(ರ)ರದು. ಊಟಕ್ಕೆ ಕುಳಿತಾಗ ಬಾಲಕನ ಕೈ ತಟ್ಟೆಯ ತುಂಬ ಓಡಾಡುತ್ತಿತ್ತು. ಪ್ರವಾದಿ(ಸ) ಅವನಿಗೆ ಮೂರು ಸಂಗತಿಗಳನ್ನು ಕಲಿಸಿದರು: ಅಲ್ಲಾಹನ ಹೆಸರು ಹೇಳುವುದು, ಬಲಗೈಯಿಂದ ತಿನ್ನುವುದು, ತನ್ನ ಬಳಿಯಿರುವುದನ್ನು ತಿನ್ನುವುದು. ಎಷ್ಟು ತಿನ್ನಬೇಕೆಂಬುದು ಆ ಮೂರರಲ್ಲಿ ಇಲ್ಲ. ಆ ಬಾಲಕ ಕುಳಿತದ್ದೂ ಹಿರಿಯರೊಂದಿಗೆ ಒಂದೇ ತಟ್ಟೆಗೆ. ಮಗುವನ್ನು ಮೊದಲೇ ಬೇರೆ ಕೂರಿಸಿ ಉಣಿಸಿ ಮುಗಿಸುವ ಬದಲು ದಸ್ತರ್‌ಖ್ವಾನ್ ಮೇಲೆ ಎಲ್ಲರೊಂದಿಗೆ ಕೂರಿಸಿದರೆ ಅರ್ಧ ಕೆಲಸ ಆದಂತೆ.

ಏನು, ಯಾವಾಗ, ಎಲ್ಲಿ ಎಂಬುದನ್ನು ಹಿರಿಯರು ತೀರ್ಮಾನಿಸಲಿ. ತಿನ್ನುವುದೋ ಬಿಡುವುದೋ, ತಿಂದರೆ ಎಷ್ಟು ಎಂಬುದನ್ನು ಮಗುವಿಗೆ ಬಿಡಲಿ ಎಂದು ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಿಂದಲೇ ಹೇಳುತ್ತ ಬಂದಿದ್ದಾರೆ. ನಮಗೆ ಇದು ಒಪ್ಪಿಗೆಯಾಗುವ ಮಾತು. ಹೊಸ ಆಹಾರವೊಂದನ್ನು ಮಗು ಸ್ವೀಕರಿಸಲು ಎಂಟರಿಂದ ಹದಿನೈದು ಬಾರಿ ಅದನ್ನು ಮುಂದಿಡಬೇಕಾಗಬಹುದೆಂದು ಅಧ್ಯಯನಗಳು ತೋರಿಸಿವೆ. ನಾವು ಎರಡು ಸಲಕ್ಕೇ ಕೈಚೆಲ್ಲುತ್ತೇವೆ. ಪುಂಡಿ ಪಲ್ಯದ ಹುಳಿಯನ್ನು ಮಗು ಮೊದಲ ದಿನ ಉಗುಳಿದರೆ ಉಗುಳಲಿ. ಮಗುವಿಗೆ ಈಗಾಗಲೇ ಹಿಡಿಸಿರುವ ಅನ್ನ ಬೇಳೆಯ ಪಕ್ಕದಲ್ಲಿ ಬೆರಳ ತುದಿಯಷ್ಟು ಪಲ್ಯವನ್ನು ಮೂರು ದಿನಕ್ಕೊಮ್ಮೆ ಇಡುತ್ತಿರಿ. ತಿನ್ನು ಎಂದೂ ಹೇಳಬೇಡಿ, ತಿಂದಾಗ ಚಪ್ಪಾಳೆಯೂ ಬೇಡ. ತಹರಿ ಮಾಡಿದ ದಿನ ಖಾರ ಹಾಕುವ ಮೊದಲೇ ಮಗುವಿನ ಪಾಲನ್ನು ತೆಗೆದಿಡಿ. ಕೈಯಿಂದ ತಾನೇ ಕಲಸಿ ಮೈಯೆಲ್ಲ ಮಾಡಿಕೊಂಡರೂ ತಡೆಯಬೇಡಿ. ಶೇಂಗಾ ನಮ್ಮ ಮನೆಗಳ ಒಳ್ಳೆಯ ಆಹಾರ. ಆದರೆ ಈ ವಯಸ್ಸಿನಲ್ಲಿ ಇಡೀ ಕಾಳು ಕೊಡಲೇಬಾರದು, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಖಾರವಿಲ್ಲದ ನುಣ್ಣನೆಯ ಪುಡಿ ಮಾಡಿ ರೊಟ್ಟಿಗೆ ಸವರಿ ಕೊಡಬಹುದು.

ಇನ್ನು ನಜರ್. ದೃಷ್ಟಿ ತಾಗುವುದು ಸತ್ಯವೆಂದು ಹದೀಸ್‌ನಲ್ಲಿದೆ; ಪ್ರವಾದಿ(ಸ) ಹಸನ್ ಹುಸೈನರ ಮೇಲೆ ರಕ್ಷಣೆಯ ಪ್ರಾರ್ಥನೆ ಓದುತ್ತಿದ್ದುದೂ ಸತ್ಯ. ಮಗುವಿನ ಮೇಲೆ ಫಲಕ್, ನಾಸ್ ಸೂರಾಗಳನ್ನು ತಂದೆತಾಯಿಯೇ ಓದಿ ಊದಲಿ. ಅದಕ್ಕೆ ಹಣವೂ ಬೇಡ, ಬಸ್ಸೂ ಬೇಡ. ಆದರೆ ಚಿಕಿತ್ಸೆ ಪಡೆಯಿರೆಂದು ಆಜ್ಞಾಪಿಸಿದವರೂ ಅದೇ ಪ್ರವಾದಿ(ಸ). ಹಟದಿಂದ ಊಟ ಬಿಡುವ ಮಗು ಆಡುತ್ತಿರುತ್ತದೆ, ಓಡುತ್ತಿರುತ್ತದೆ, ತೂಕ ನಿಧಾನವಾಗಿಯಾದರೂ ಏರುತ್ತಿರುತ್ತದೆ. ತೂಕ ಇಳಿಯುತ್ತಿದ್ದರೆ, ತಿಂಗಳುಗಟ್ಟಲೆ ನಿಂತುಬಿಟ್ಟಿದ್ದರೆ, ಭೇದಿ ನಿಲ್ಲದಿದ್ದರೆ, ನುಂಗುವಾಗ ಪ್ರತಿಸಲವೂ ಕೆಮ್ಮು ಬರುತ್ತಿದ್ದರೆ, ಪಾದಗಳಲ್ಲಿ ಬಾವು ಕಂಡರೆ, ಮಣ್ಣನ್ನೋ ಗೋಡೆಯ ಸುಣ್ಣವನ್ನೋ ಕೆರೆದು ತಿನ್ನುತ್ತಿದ್ದರೆ ಅದು ಹಟವಲ್ಲ, ಕಾಯಿಲೆ. ಅಂಗನವಾಡಿಯಲ್ಲಿ ಮಗುವಿನ ತೋಳಿನ ಸುತ್ತಳತೆ ನೋಡುವ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಒಂದು ದಿನವೂ ತಡಮಾಡುವಂತಿಲ್ಲ. ತಾಯಿತ ಕಟ್ಟಿಸಲು ಮೂರು ಊರು ಅಲೆಯುವವರು ಓಣಿಯ ಅಂಗನವಾಡಿಗೆ ಹೋಗಲು ಬಿಡುವಿಲ್ಲವೆನ್ನುವುದನ್ನು ನಾವು ಒಪ್ಪಲಾರೆವು.

ಅಲ್ ಬಕರ ಸೂರಾದ 233ನೆಯ ವಚನ ಹಾಲುಣಿಸುವ ಮತ್ತು ಹಾಲು ಬಿಡಿಸುವ ವಿಷಯವನ್ನು ಹೇಳುತ್ತದೆ. ಮಗುವಿನ ಕಾರಣಕ್ಕೆ ತಾಯಿಗೂ ಹಾನಿಯಾಗಬಾರದು, ತಂದೆಗೂ ಹಾನಿಯಾಗಬಾರದು ಎಂಬ ಆಶಯ ಅದರಲ್ಲಿದೆ. ಹಾಲು ಬಿಡಿಸುವ ತೀರ್ಮಾನವನ್ನು ಇಬ್ಬರೂ ಸಮಾಲೋಚಿಸಿ ಕೈಗೊಳ್ಳಬೇಕೆಂದೂ ಇದೆ. ವಚನದ ಸಂದರ್ಭ ಹಾಲುಣಿಸುವಿಕೆ ಮತ್ತು ಅದರ ಖರ್ಚಿನದು ಎಂಬುದು ನಮಗೆ ಗೊತ್ತು. ಆದರೂ ಹಾಲಿನ ವಿಷಯದಲ್ಲೇ ತಂದೆಯನ್ನು ಸಮಾಲೋಚನೆಗೆ ಕೂರಿಸಿದ ಧರ್ಮವು ತುತ್ತಿನ ವಿಷಯದಲ್ಲಿ ಅವನನ್ನು ಹೊರಗಿಟ್ಟಿತೇ? ನಮ್ಮ ತಾಲೂಕುಗಳ ಎಷ್ಟೋ ತಂದೆಯರು ದುಡಿಯಲು ಪುಣೆ, ಮುಂಬಯಿ, ಬೆಂಗಳೂರಿನಲ್ಲಿದ್ದಾರೆ. ರಾತ್ರಿ ಫೋನಿನಲ್ಲಿ ಮಗು ಎಷ್ಟು ತಿಂದಿತೆಂದು ಲೆಕ್ಕ ಕೇಳುತ್ತಾರೆ. ಅತ್ತೆಯ ಮುಂದೆ ಒಮ್ಮೆ, ಗಂಡನ ಮುಂದೆ ಒಮ್ಮೆ ಉತ್ತರ ಹೇಳಬೇಕಾದ ತಾಯಿ ಮರುದಿನ ಮಗುವಿನ ಮೂಗು ಒತ್ತದೆ ಇನ್ನೇನು ಮಾಡಿಯಾಳು?

ಊಟದ ಈ ತಕರಾರು ಶುರುವಾಗುವ ವಯಸ್ಸಿನಲ್ಲೇ, 16ರಿಂದ 24 ತಿಂಗಳೊಳಗೆ, ಮಗುವಿಗೆ ದಡಾರ ರುಬೆಲ್ಲಾದ ಎರಡನೆಯ ಲಸಿಕೆಯೂ ಡಿಪಿಟಿ ಬೂಸ್ಟರೂ ಬೀಳಬೇಕು. ಊರಿನಲ್ಲಿರುವ ತಂದೆ, ತಂದೆ ಇಲ್ಲದಿದ್ದರೆ ಅಜ್ಜ, ಅಂದು ತಾವೇ ಮಗುವನ್ನು ಎತ್ತಿಕೊಂಡು ಹೋಗಲಿ. ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ, ಹಿಂದಿನ ತೂಕದೊಂದಿಗೆ ಹೋಲಿಸಿ ನೋಡಲಿ. ಏರಿದ್ದರೆ ಮನೆಗೆ ಬಂದು ಆ ಅಂಕಿಯನ್ನು ಎಲ್ಲರ ಮುಂದೆ ಓದಿ ಹೇಳಲಿ.