ಹೆತ್ತವರು, ಸರಕಾರ ಮತ್ತು ವೈದ್ಯರ ಒಂದು ಚೀಟಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಂದಿರಿಗೆ ನೆಂಟರಿಷ್ಟರು ಹೇಳುವ ಬುದ್ಧಿಮಾತುಗಳಲ್ಲಿ ಒಂದು ಖಾಯಂ ಆಗಿಬಿಟ್ಟಿದೆ. "ಅಲ್ಲಿ ಮಗುವಿಗೆ ಒಂದೇಟು ಕೊಟ್ಟರೂ ಸರಕಾರದವರು ಬಂದು ಎತ್ತಿಕೊಂಡು ಹೋಗ್ತಾರಂತೆ, ಜೋಪಾನ!" ಈ ಮಾತು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಮಗುವಿನ ಮೇಲೆ ಹೆತ್ತವರಿಗಿರುವ ಹಕ್ಕು ಎಲ್ಲಿ ಮುಗಿಯುತ್ತದೆ, ಸರಕಾರದ ಕೈ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅಲ್ಲಿನ ನ್ಯಾಯಾಲಯಗಳು ನೂರು ವರ್ಷಗಳಿಂದ ಅಳೆಯುತ್ತಲೇ ಬಂದಿವೆ. ಇದು ವಕೀಲರ ವಿಷಯ, ಆರೋಗ್ಯದ ಅಂಕಣದಲ್ಲಿ ಇದೇಕೆ ಎಂದು ನೀವು ಕೇಳಬಹುದು. ಇಂಥ ಎಷ್ಟೋ ಮೊಕದ್ದಮೆಗಳು ಹುಟ್ಟುವುದು ನ್ಯಾಯಾಲಯದಲ್ಲಲ್ಲ, ಆಸ್ಪತ್ರೆಯಲ್ಲಿ. ವೈದ್ಯರು ಬರೆದ ಒಂದು ಚೀಟಿ, ಪ್ರಯೋಗಾಲಯದ ಒಂದು ವರದಿ, ಇವೇ ಅಲ್ಲಿ ಸಾಕ್ಷಿಗಳು.

ಹಿಂದೆ ವೈದ್ಯರೂ ಈ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದರು. ಮೂಳೆ ಮುರಿದ ಕೂಸನ್ನು ತಂದು "ಮಂಚದಿಂದ ಬಿತ್ತು" ಎಂದರೆ ನಂಬಿ ಕಟ್ಟು ಹಾಕಿ ಕಳಿಸುತ್ತಿದ್ದರು. 1962ರಲ್ಲಿ ಡೆನ್ವರ್ ನಗರದ ಮಕ್ಕಳ ತಜ್ಞ ಡಾ. ಹೆನ್ರಿ ಕೆಂಪ್ ಮತ್ತು ಸಂಗಡಿಗರು ಮನೆಯಲ್ಲಿ ಪೆಟ್ಟು ತಿಂದ ಮಕ್ಕಳ ಬಗ್ಗೆ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದರು. ಅದಾದ ಕೆಲವೇ ವರ್ಷಗಳಲ್ಲಿ, ಅನುಮಾನ ಬಂದರೆ ವೈದ್ಯರು ಸರಕಾರಕ್ಕೆ ತಿಳಿಸಲೇಬೇಕು ಎಂಬ ಕಾನೂನು ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಬಂತು. ಒಳ್ಳೆಯ ಕಾನೂನೇ. ಆದರೆ ಅನುಮಾನ ಬೇರೆ, ರೋಗನಿದಾನ ಬೇರೆ. ಇವೆರಡೂ ಕಲಸಿಹೋದರೆ ಏನಾಗುತ್ತದೆ ಎಂಬುದಕ್ಕೆ 1989ನೆಯ ಇಸವಿ ಒಂದು ಪಾಠ. ಅದೇ ವರ್ಷ ಸರಕಾರ ಮಾಡಿದ್ದು ಕಡಮೆಯಾಯಿತೆಂಬ ಪ್ರಕರಣವೂ ಇತ್ಯರ್ಥವಾಯಿತು, ಸರಕಾರ ತಪ್ಪು ದಾರಿ ಹಿಡಿದ ಪ್ರಕರಣವೂ ಹುಟ್ಟಿತು.

ಸುಮ್ಮನೆ ನೋಡುತ್ತ ಕುಳಿತ ಇಲಾಖೆ

ಮೊದಲನೆಯದು ವಿಸ್ಕಾನ್ಸಿನ್ ರಾಜ್ಯದ ವಿನ್ನೆಬಾಗೊ ಕೌಂಟಿಯದು. ತಂದೆಯ ವಶದಲ್ಲಿದ್ದ ಒಬ್ಬ ಪುಟ್ಟ ಹುಡುಗ 1983ರ ಜನವರಿಯಲ್ಲಿ ಮೈತುಂಬ ಬಾವು, ಗೀರುಗಳೊಡನೆ ಆಸ್ಪತ್ರೆ ಸೇರಿದ. ಸರಕಾರ ಅವನನ್ನು ಮೂರು ದಿನ ತನ್ನ ರಕ್ಷಣೆಯಲ್ಲಿಟ್ಟುಕೊಂಡು, ಸಾಕ್ಷ್ಯ ಸಾಲದೆಂದು ಮನೆಗೆ ಕಳಿಸಿತು. ಆಮೇಲೆ ಸಮಾಜ ಕಾರ್ಯಕರ್ತೆ ಆಗಾಗ ಮನೆಗೆ ಹೋದರು, ಹುಡುಗನ ತಲೆಯ ಮೇಲಿನ ಗಾಯಗಳನ್ನು ಕಡತದಲ್ಲಿ ಬರೆದುಕೊಂಡರು. ಅಷ್ಟೇ. 1984ರ ಮಾರ್ಚ್‌ನಲ್ಲಿ ತಂದೆ ಬಡಿದ ಪೆಟ್ಟಿಗೆ ನಾಲ್ಕು ವರ್ಷದ ಆ ಹುಡುಗನ ಮಿದುಳು ಶಾಶ್ವತವಾಗಿ ಊನವಾಯಿತು. ಸರಕಾರದ ಮೇಲೆ ಹೂಡಿದ ದಾವೆಯನ್ನು 1989ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 6-3ರ ಬಹುಮತದಿಂದ ತಳ್ಳಿಹಾಕಿತು. ಸಂವಿಧಾನ ಸರಕಾರದ ಕೈಯನ್ನು ಕಟ್ಟುತ್ತದೆಯೇ ಹೊರತು, ಮನೆಯೊಳಗಿನ ಹಿಂಸೆಯಿಂದ ಕಾಪಾಡಲೇಬೇಕೆಂದು ಹೇಳುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಕಾನೂನಿನ ಲೆಕ್ಕ ಹೇಗೇ ಇರಲಿ, ಮಗುವಿನ ಲೆಕ್ಕದಲ್ಲಿ ಇದು ಸೋಲು.

ಕೈಯಿಕ್ಕಿ ತಪ್ಪಿದ ಇಲಾಖೆ

ಅದೇ 1989ರ ಜುಲೈನಲ್ಲಿ ಮಿಸೌರಿ ರಾಜ್ಯದ ತಾಯಿಯೊಬ್ಬಳು ತನ್ನ ಮೂರು ತಿಂಗಳ ಕೂಸನ್ನು ಸೇಂಟ್ ಲೂಯಿಸ್‌ನ ಆಸ್ಪತ್ರೆಗೆ ತಂದಳು. ಕೂಸು ವಾಂತಿ ಮಾಡುತ್ತಿತ್ತು, ಉಸಿರಾಟಕ್ಕೆ ಕಷ್ಟಪಡುತ್ತಿತ್ತು. ರಕ್ತದಲ್ಲಿ ಎಥಿಲೀನ್ ಗ್ಲೈಕಾಲ್ ಇದೆ ಎಂದು ಪ್ರಯೋಗಾಲಯ ವರದಿ ಕೊಟ್ಟಿತು. ಚಳಿಗಾಲದಲ್ಲಿ ಕಾರಿನ ರೇಡಿಯೇಟರ್ ನೀರು ಹೆಪ್ಪುಗಟ್ಟದಂತೆ ಹಾಕುವ ವಿಷದ ದ್ರವ ಅದು. ಯಾರೋ ವಿಷ ಹಾಕಿದ್ದಾರೆ ಎಂದಾಯಿತು. ಮಗುವನ್ನು ಸರಕಾರ ಬೇರೆ ಮನೆಯಲ್ಲಿ ಸಾಕಲು ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ತಾಯಿ ನೋಡಲು ಹೋಗಿ ಬಾಟಲಿಯಲ್ಲಿ ಹಾಲು ಕುಡಿಸಿ ಬಂದಳು. ಕೆಲವೇ ದಿನಗಳಲ್ಲಿ ಮಗು ಮತ್ತೆ ಕಾಯಿಲೆ ಬಿದ್ದು ತೀರಿಕೊಂಡಿತು. ತಾಯಿ ಕೊಲೆ ಆರೋಪದ ಮೇಲೆ ಜೈಲು ಸೇರಿದಳು.

ಆಗ ಅವಳು ಗರ್ಭಿಣಿ. 1990ರ ಫೆಬ್ರವರಿಯಲ್ಲಿ ಎರಡನೆಯ ಗಂಡು ಮಗು ಹುಟ್ಟಿತು; ಅದನ್ನೂ ಕೂಡಲೇ ತಾಯಿಯಿಂದ ಬೇರ್ಪಡಿಸಿದರು. ತಾಯಿಯ ಕೈ ಸೋಕದ ಆ ಮಗುವಿನಲ್ಲೂ ಅಣ್ಣನ ಲಕ್ಷಣಗಳೇ ಕಾಣಿಸಿಕೊಂಡವು! ಪರೀಕ್ಷೆಯಲ್ಲಿ ಮಿಥೈಲ್ ಮಲೋನಿಕ್ ಅಸಿಡೀಮಿಯಾ ಎಂಬ ವಂಶವಾಹಿ ಕಾಯಿಲೆ ಪತ್ತೆಯಾಯಿತು. ಪ್ರೋಟೀನಿನ ಕೆಲವು ಅಂಶಗಳನ್ನು ಶರೀರ ಸರಿಯಾಗಿ ಅರಗಿಸದೆ, ಆಮ್ಲಗಳು ರಕ್ತದಲ್ಲಿ ಸೇರಿಕೊಳ್ಳುವ ರೋಗ ಇದು. ಆದರೆ ತಮ್ಮನಿಗೆ ಈ ಕಾಯಿಲೆ ಇದೆ ಎಂಬ ಸಂಗತಿ ಜ್ಯೂರಿಯ ಕಿವಿಗೆ ಬೀಳಲೇ ಇಲ್ಲ. 1991ರ ಜನವರಿಯಲ್ಲಿ ತಾಯಿಗೆ ಜೀವಾವಧಿ ಶಿಕ್ಷೆಯಾಯಿತು.

ದೂರದರ್ಶನದ ಒಂದು ಕಾರ್ಯಕ್ರಮದಲ್ಲಿ ಈ ಸುದ್ದಿ ಬಂದಮೇಲೆ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಡಾ. ವಿಲಿಯಂ ಸ್ಲೈ ಮತ್ತು ಡಾ. ಜೇಮ್ಸ್ ಶೂಮೇಕರ್, ತೀರಿಕೊಂಡ ಮಗುವಿನ ರಕ್ತವನ್ನು ಮರುಪರೀಕ್ಷೆಗೆ ಒಳಪಡಿಸಿದರು. ಯೇಲ್ ವಿಶ್ವವಿದ್ಯಾಲಯದ ಡಾ. ಪಿಯೆರೊ ರಿನಾಲ್ಡೊ ಕೂಡ ದಾಖಲೆಗಳನ್ನು ಪರಿಶೀಲಿಸಿದರು. ಅಲ್ಲಿದ್ದದ್ದು ವಿಷವಲ್ಲ; ಆ ಕಾಯಿಲೆಯಲ್ಲಿ ಶರೀರವೇ ಉತ್ಪಾದಿಸುವ ಪ್ರೊಪಿಯಾನಿಕ್ ಆಮ್ಲ. ಯಂತ್ರದ ನಕ್ಷೆಯಲ್ಲಿ ಅದನ್ನೇ ಎಥಿಲೀನ್ ಗ್ಲೈಕಾಲ್ ಎಂದು ಓದಿಬಿಟ್ಟಿದ್ದರು. 1991ರ ಸೆಪ್ಟೆಂಬರ್‌ನಲ್ಲಿ ಸರಕಾರಿ ವಕೀಲರೇ ಆರೋಪವನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಿದರು. ಎರಡನೆಯ ಮಗ ತಾಯಿಯ ಮಡಿಲಿಗೆ ಬಂದ. ಮೊದಲನೆಯವನು ಬರಲಿಲ್ಲ. ಸರಿಯಾದ ರೋಗನಿದಾನ ಆಗಿದ್ದರೆ ಅವನಿಗೂ ಪಥ್ಯ, ಔಷಧಿ ಸಿಗುತ್ತಿತ್ತು.

ತಕ್ಕಡಿ ಎತ್ತ ತೂಗಬೇಕು?

ಈ ಎರಡು ಕಥೆಗಳನ್ನು ಒಟ್ಟಿಗೆ ಓದಿದವರು "ಸರಕಾರ ಮನೆಯೊಳಗೆ ಬರಲೇಬಾರದು" ಎಂದೂ ಹೇಳಲಾರರು, "ಮಕ್ಕಳೆಲ್ಲ ಸರಕಾರದ ಸೊತ್ತು" ಎಂದೂ ಹೇಳಲಾರರು. ಅಮೆರಿಕದ ಸುಪ್ರೀಂ ಕೋರ್ಟೂ ಎರಡನ್ನೂ ಹೇಳಿಲ್ಲ. ತಂದೆತಾಯಿಯರ ಹಕ್ಕು ಮಗುವನ್ನು ರೋಗಕ್ಕೋ ಸಾವಿಗೋ ಒಡ್ಡುವ ಹಕ್ಕಲ್ಲ ಎಂದು 1944ರ ಪ್ರಿನ್ಸ್ ಪ್ರಕರಣದಲ್ಲಿ ಅದು ಸ್ಪಷ್ಟಪಡಿಸಿತು. ಧರ್ಮದ ಹೆಸರಿನಲ್ಲಿ ಮಗುವಿಗೆ ರಕ್ತ ಕೊಡುವುದನ್ನು ಹೆತ್ತವರು ತಡೆದಾಗ, ಅಲ್ಲಿನ ನ್ಯಾಯಾಧೀಶರು ಚಿಕಿತ್ಸೆಗೆ ಅಪ್ಪಣೆ ಕೊಡುವುದು ಇದೇ ಆಧಾರದ ಮೇಲೆ. ಇನ್ನೊಂದು ಕಡೆ, 1982ರ ಸ್ಯಾಂಟೋಸ್ಕಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಹೆತ್ತವರ ಹಕ್ಕನ್ನು ಶಾಶ್ವತವಾಗಿ ರದ್ದು ಮಾಡಬೇಕಾದರೆ ತಕ್ಕಡಿ ಒಂದು ಕೂದಲೆಳೆಯಷ್ಟು ವಾಲಿದರೆ ಸಾಲದು, ಸಾಕ್ಷ್ಯ ಸ್ಪಷ್ಟವಾಗಿ ಮನವರಿಕೆಯಾಗುವಂತಿರಬೇಕು ಎಂದಿತು.

ಆದರೆ ಒಂದು ಕೊರತೆ ಉಳಿದಿದೆ. ಇಂಥ ಪ್ರತಿಯೊಂದು ಮೊಕದ್ದಮೆಯಲ್ಲೂ ಬಡ ತಂದೆತಾಯಿಗೆ ಸರಕಾರಿ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂದು ಸಂವಿಧಾನ ಒತ್ತಾಯಿಸುವುದಿಲ್ಲ ಎಂದು 1981ರಲ್ಲಿ 5-4ರಿಂದ ತೀರ್ಪಾಗಿದೆ. ಬಹಳಷ್ಟು ರಾಜ್ಯಗಳು ತಾವಾಗಿಯೇ ವಕೀಲರನ್ನು ಒದಗಿಸುತ್ತವೆ, ನಿಜ. ಜೊತೆಗೆ 1997ರ ಕೇಂದ್ರ ಕಾನೂನಿನಂತೆ, 22 ತಿಂಗಳಲ್ಲಿ 15 ತಿಂಗಳು ಬೇರೆ ಮನೆಯಲ್ಲಿ ಉಳಿದ ಮಗುವಿನ ವಿಷಯದಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೆತ್ತವರ ಹಕ್ಕು ರದ್ದತಿಗೆ ಸರಕಾರ ಅರ್ಜಿ ಹಾಕಬೇಕು. ಅಂದರೆ ತಪ್ಪು ವರದಿಯೊಂದನ್ನು ತಿದ್ದಲು ಕುಟುಂಬಕ್ಕೆ ಸಿಗುವ ಸಮಯ ಅಳತೆಯದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ರಕ್ಷಣೆಗೆ ಅವಸರವಿರಲಿ, ತೀರ್ಮಾನಕ್ಕೆ ಬೇಡ. ಅನುಮಾನ ಬಂದ ದಿನವೇ ಮಗು ಸುರಕ್ಷಿತ ಜಾಗದಲ್ಲಿರಲಿ. ಆದರೆ ಅದೇ ದಿನದಿಂದ, ಪೆಟ್ಟಿನಂತೆ ಕಾಣುವ ಬೇರೆ ಕಾಯಿಲೆಗಳನ್ನೂ ಹುಡುಕುವುದು ವೈದ್ಯರ ಕರ್ತವ್ಯ. ಸುಲಭವಾಗಿ ಮುರಿಯುವ ಮೂಳೆಯ ರೋಗ, ಡಿ ಜೀವಸತ್ವದ ಕೊರತೆ, ರಕ್ತ ಹೆಪ್ಪುಗಟ್ಟದ ದೋಷ, ಇವೆಲ್ಲ ಮೊದಲು ಪರೀಕ್ಷೆಯಾಗಲಿ. ಮುಖ್ಯವಾದ ವರದಿಯನ್ನು ಎರಡನೆಯ ಪ್ರಯೋಗಾಲಯವೂ ನೋಡಲಿ. ಇದರ ಖರ್ಚು ಸರಕಾರದ್ದಾಗಲಿ.

ನಮ್ಮ ಮನೆಯವರು ತಿಳಿದಿರಬೇಕಾದ್ದು

ಅಮೆರಿಕದಲ್ಲಿ ಮಗಳೋ ಸೊಸೆಯೋ ಇರುವ ಮನೆಯವರಿಗೆ ಕೆಲವು ಮಾತು. ನಮ್ಮ ಕೂಸುಗಳಲ್ಲಿ ಸೊಂಟದ ಕೆಳಗೆ, ಪಿರ್ರೆಯ ಮೇಲೆ ನೀಲಿ ಮಚ್ಚೆ ಹುಟ್ಟಿನಿಂದಲೇ ಇರುವುದು ಸಾಮಾನ್ಯ. ನೋವಿಲ್ಲ, ಕೆಲವು ವರ್ಷಗಳಲ್ಲಿ ತಾನಾಗಿಯೇ ಮಾಸುತ್ತದೆ. ತಿಳಿಯದವರಿಗೆ ಅದು ಪೆಟ್ಟಿನ ಬಾವಿನಂತೆ ಕಾಣುತ್ತದೆ. ಹುಟ್ಟಿದಾಗಲೇ ಮಕ್ಕಳ ವೈದ್ಯರಿಗೆ ತೋರಿಸಿ ಕಡತದಲ್ಲಿ ಬರೆಸಿಟ್ಟರೆ ಮುಂದಿನ ಗೊಂದಲ ತಪ್ಪುತ್ತದೆ.

ಕಾಮಾಲೆಗೆ ಬರೆ ಹಾಕುವುದು, ಕೂಸಿನ ಕೈಕಾಲು ಹಿಡಿದು ಜೋರಾಗಿ ಎಳೆದು ನೀವುವುದು ಅಲ್ಲಿ ಮಾತ್ರವಲ್ಲ, ಇಲ್ಲೂ ಬೇಡ. ಬರೆಯಿಂದ ಕಾಮಾಲೆ ವಾಸಿಯಾಗುವುದಿಲ್ಲ, ಸುಟ್ಟ ಗಾಯ ಮಾತ್ರ ಉಳಿಯುತ್ತದೆ. ಊರಿನಿಂದ ಒಯ್ದ ಕೆಲವು ಕಾಡಿಗೆ, ಭಸ್ಮಗಳಲ್ಲಿ ಸೀಸ ಇರುವುದುಂಟು. ಮಗುವಿನ ರಕ್ತದಲ್ಲಿ ಅದು ಸಿಕ್ಕಿದರೆ ವೈದ್ಯರು ಪ್ರಶ್ನೆ ಕೇಳಲೇಬೇಕು. ಇನ್ನೂ ನಡೆಯಲು ಬಾರದ ಕೂಸಿನ ಮೈಮೇಲೆ ಕಂದಿದ ಗುರುತು ಕಂಡರೆ ನೀವೇ ಮೊದಲು ವೈದ್ಯರಲ್ಲಿಗೆ ಹೋಗಿ. ನಡೆದದ್ದನ್ನು ನಡೆದ ಹಾಗೆ ಹೇಳಿ. ನಾಚಿಕೆಗೋ ಹೆದರಿಕೆಗೋ ಬದಲಿಸಿ ಹೇಳಿದ ಕಥೆಯೇ ಅನುಮಾನಕ್ಕೆ ಮೂಲ. ಭಾಷೆ ತೊಡಕಾದರೆ ದುಭಾಷಿ ಬೇಕೆಂದು ಕೇಳಿ.

ಮಿಸೌರಿಯ ಮಗುವಿಗೆ ಬಂದಂಥ ಕಾಯಿಲೆ ತಂದೆತಾಯಿ ಇಬ್ಬರಲ್ಲೂ ಅಡಗಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಬರುವ ಸಂಭವ. ಸೋದರಮಾವ, ಅತ್ತೆ ಮಾವನ ಮಕ್ಕಳೊಡನೆ ಮದುವೆ ಇನ್ನೂ ನಡೆಯುವ ನಮ್ಮಲ್ಲಿ ಇದನ್ನು ಮರೆಯುವಂತಿಲ್ಲ. ಮನೆತನದಲ್ಲಿ ಕಾರಣ ತಿಳಿಯದೆ ಕೂಸುಗಳು ತೀರಿಕೊಂಡಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಹುಟ್ಟಿದ ಒಂದೆರಡು ದಿನದಲ್ಲಿ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಇಂಥ ಕಾಯಿಲೆಗಳನ್ನು ಪತ್ತೆಹಚ್ಚುವ ಪರೀಕ್ಷೆ ಈಗ ಅಮೆರಿಕದಲ್ಲಿ ವಾಡಿಕೆ. ನಮ್ಮಲ್ಲಿ ಇನ್ನೂ ಎಲ್ಲ ಕೂಸುಗಳಿಗೂ ಆಗುತ್ತಿಲ್ಲ.

ನಮ್ಮಲ್ಲೂ 2015ರ ಬಾಲನ್ಯಾಯ ಕಾಯಿದೆಯಂತೆ ಮಕ್ಕಳ ಕಲ್ಯಾಣ ಸಮಿತಿಗಳಿವೆ. ರಕ್ಷಣೆ ಬೇಕಾದ ಮಗು ಕೈಗೆ ಬಂದರೆ, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವನ್ನು ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ದಾರಿ ಎಂಬುದು ಅದೇ ಕಾಯಿದೆಯ ತತ್ವ. ಪಕ್ಕದ ಮನೆಯಲ್ಲಿ ಮಗುವೊಂದು ದಿನಾ ಪೆಟ್ಟು ತಿನ್ನುತ್ತಿದ್ದರೆ "ಅವರ ಮನೆ ವಿಷಯ, ನಮಗ್ಯಾಕೆ" ಎನ್ನದೆ 1098ಕ್ಕೆ ಫೋನು ಮಾಡಿ. ಆಮೇಲೆ ನಿಜ ಯಾವುದೆಂದು ನಿಧಾನವಾಗಿ ತೂಗಿ ನೋಡಲು ಬಲ್ಲವರಿಗೆ ಬಿಡಿ. ವಿಸ್ಕಾನ್ಸಿನ್‌ನ ಹುಡುಗನಿಗೆ ಬೇಕಾಗಿದ್ದದ್ದು ಆ ಮೊದಲನೆಯ ಅವಸರ; ಮಿಸೌರಿಯ ತಾಯಿಗೆ ಬೇಕಾಗಿದ್ದದ್ದು ಈ ಎರಡನೆಯ ನಿಧಾನ.